ನುಸುಳುಕೋರ ಅಂದರೆ ಯಾರು?

ಮಂಗಳೂರಿನಲ್ಲಿ ಕನ್ನಡ ಪಾಠ ಮಾಡುವ ನನಗೆ, ಸರ್ಕಾರಿ ಕೆಲಸದ ಪರೀಕ್ಷೆಗೆ ಓದುವ ಮಕ್ಕಳಿಂದ ತಪ್ಪದೆ ಬರುವ ಪ್ರಶ್ನೆ ಇದು: "ಸರ್, ನುಸುಳುಕೋರ, ಆಕ್ರಮಣಕಾರ ಎರಡೂ ಒಂದೇ ಅಲ್ವಾ?"

ಅಲ್ಲ. ನುಗ್ಗುವವನು ಬಾಗಿಲು ಒಡೆದು ಬರುತ್ತಾನೆ, ಊರಿಗೆಲ್ಲ ಸದ್ದು ಕೇಳುತ್ತದೆ. ನುಸುಳುವವನಿಗೆ ಒಂದು ಸಂದು ಸಾಕು. ಬಂದದ್ದು ಯಾರಿಗೂ ಗೊತ್ತಾಗದಿರುವುದೇ ಅವನ ಬಂಡವಾಳ. ಇನ್ನು 'ಕೋರ' ಪಾರಸಿಯಿಂದ ಬಂದ ಬಾಲ. ಅಲ್ಲಿ 'ಖೋರ್' ಅಂದರೆ ತಿನ್ನುವವನು. ಲಂಚಕೋರ ಈಗಲೂ ತಿನ್ನುತ್ತಲೇ ಇದ್ದಾನೆ! ದಂಗೆಕೋರ, ದರೋಡೆಕೋರ ಅನ್ನುವಾಗ ತಿನ್ನುವ ಅರ್ಥ ಹೋಗಿ ಬೈಗುಳ ಮಾತ್ರ ಉಳಿದಿದೆ. ಹಾಗಾಗಿ ನುಸುಳುಕೋರ ಅಂದ ಕೂಡಲೇ ಅವನ ಉದ್ದೇಶ ಕೆಟ್ಟದ್ದು ಅಂತಲೂ ಹೇಳಿದ ಹಾಗಾಯಿತು.

ನಮ್ಮ ತಲೆಮಾರಿನವರ ಕಿವಿಗೆ ಈ ಪದ ಜಾಸ್ತಿ ಬಿದ್ದದ್ದು 1999ರ ಕಾರ್ಗಿಲ್ ಯುದ್ಧದಲ್ಲಿ. ಪಾಕಿಸ್ತಾನದ ಕಡೆಯವರು ಗಡಿ ನಿಯಂತ್ರಣ ರೇಖೆ ದಾಟಿ, ಚಳಿಗಾಲದಲ್ಲಿ ಖಾಲಿ ಬಿಟ್ಟಿದ್ದ ಶಿಖರಗಳಲ್ಲಿ ಬಂದು ಕೂತಿದ್ದರು. ಮೇ ತಿಂಗಳ ಮೊದಲ ವಾರ ಅವರನ್ನು ಕಂಡು ಸೇನೆಗೆ ತಿಳಿಸಿದ್ದು ಬಟಾಲಿಕ್ ಕಡೆಯ ಕುರಿಗಾಹಿಗಳು. ಅವರು ಮುಜಾಹಿದೀನ್‌ಗಳು, ಅಂದರೆ ಧರ್ಮಯುದ್ಧಕ್ಕೆ ಹೊರಟ ಹೋರಾಟಗಾರರು, ತನ್ನ ಸೈನಿಕರಲ್ಲ ಅಂತ ಪಾಕಿಸ್ತಾನ ಹೇಳಿತು. ನೋಡಿದರೆ ಹೆಚ್ಚಿನವರು ಅದರದ್ದೇ ನಾರ್ದರ್ನ್ ಲೈಟ್ ಇನ್‌ಫೆಂಟ್ರಿಯ ಸೈನಿಕರು. ಗುರುತು ಮರೆಸಿ ಬಂದರೆ ಸೈನಿಕನೂ ನುಸುಳುಕೋರನೇ.

ನಮ್ಮ ಕಡಲಿಗೂ ಈ ಪದದ ನಂಟಿದೆ. 2008ರಲ್ಲಿ ಮುಂಬೈ ಮೇಲೆ ದಾಳಿ ಮಾಡಿದ 10 ಮಂದಿ 'ಕುಬೇರ್' ಎಂಬ ಮೀನುಗಾರಿಕೆ ಬೋಟನ್ನು ವಶ ಮಾಡಿಕೊಂಡು ಸಮುದ್ರದಲ್ಲಿ ಬಂದಿದ್ದರು. ಆಮೇಲೆ ಮಂಗಳೂರು, ಮಲ್ಪೆ ಕಡೆಯೂ 'ಸಾಗರ ಕವಚ' ಎಂಬ ಅಣಕು ಕಾರ್ಯಾಚರಣೆ ನಡೆಯುತ್ತದೆ. ಒಂದು ತಂಡ ಬೋಟಿನಲ್ಲಿ ಕಣ್ತಪ್ಪಿಸಿ ದಡ ಸೇರಲು ನೋಡುತ್ತದೆ. ಕರಾವಳಿ ಕಾವಲು ಪೊಲೀಸರು, ಕೋಸ್ಟ್ ಗಾರ್ಡ್‌ನವರು ಅವರನ್ನು ಹಿಡಿಯಬೇಕು. ಅಷ್ಟು ಹೊತ್ತಿನ ಮಟ್ಟಿಗೆ ಸರ್ಕಾರವೇ ಸಂಬಳ ಕೊಡುವ ನುಸುಳುಕೋರರು!

ಆದರೆ ದಕ್ಕೆಯಲ್ಲಿ, ಅಂದರೆ ಮೀನುಗಾರಿಕೆ ಬಂದರಿನಲ್ಲಿ, ಬಲೆ ಎಳೆಯುವ ಒಡಿಶಾ, ಜಾರ್ಖಂಡ್ ಹುಡುಗರಿಗೆಲ್ಲ ಸುಮ್ನೆ ಈ ಪದ ಅಂಟಿಸುವುದನ್ನು ಕೇಳಿದರೆ ನನಗೆ ಸಿಟ್ಟು ಬರುತ್ತದೆ. ಅವರು ಟಿಕೆಟ್ ಮಾಡಿ ಹಾಡಹಗಲೇ ರೈಲಿಳಿದವರು. ತಮ್ಮದೇ ದೇಶದೊಳಗೆ ನುಸುಳುವುದು ಹೇಗೆ? ಅವರು ವಲಸಿಗರು. ವೀಸಾ ಮುಗಿದ ಮೇಲೂ ಉಳಿದ ವಿದೇಶಿ ತಪ್ಪಿತಸ್ಥ, ಸರಿ. ಆದರೆ ಪಾಸ್‌ಪೋರ್ಟ್ ತೋರಿಸಿ ಬಂದವನು. ಅವನನ್ನು ಅಕ್ರಮ ವಾಸಿ ಅನ್ನಿ.

ಪರೀಕ್ಷೆಯಲ್ಲಿ ಸ್ವಂತ ವಾಕ್ಯ ಕೇಳಿದರೆ "ನುಸುಳುಕೋರರು ರಾತ್ರೋರಾತ್ರಿ ಗಡಿ ದಾಟಿದರು" ಅಂತ ಬರೆಯಿರಿ. "ನುಸುಳುಕೋರರು ಘೋಷಣೆ ಕೂಗುತ್ತಾ ಬಂದರು" ಅಂತ ಬರೆದವರಿಗೆ ನಾನಂತೂ ಅಂಕ ಕೊಡುವುದಿಲ್ಲ.