ಅಮ್ಮನ ಓತೆಂಕಿ

ಸೋಮವಾರದಿಂದ ತಲೆಯೊಳಗೆ ಅದೇ ಒಂದು ದೃಶ್ಯ. ಬೆಳಿಗ್ಗೆ ಏಳೂವರೆ, ಧೋ ಎಂದು ಮಳೆ. ಕಾಗೆ ಕಿತ್ತಾಡದಿರಲೆಂದು ಕಸದ ಚೀಲಗಳಿಗೆ ಹೊದಿಸಿದ ಬಲೆ, ಅದರ ಅಂಚು ಎತ್ತಿ ಹಿಡಿದು ನಿಂತ ಕೆಳಗಿನ ಮನೆ ಅಜ್ಜಿ. ಎದುರಿಗೆ ನನ್ನಮ್ಮ, ಚಳ್ಳಕೆರೆಯಿಂದ ಬಂದು ಐದು ವಾರ, ನನ್ನ ಕೊಡೆಯೊಳಗೆ ಅರ್ಧ, ಹೊರಗೆ ಅರ್ಧ. ಮುಖ ತುಂಬ ನಕ್ಕು ಅಂದಳು: "ಈ ಓತೆಂಕಿ ದೆಸ್ ನೆ!"

ಎಷ್ಟು ಚೆನ್ನಾಗಿದೆ ಹವಾ, ಅಲ್ವಾ!

ಅಜ್ಜಿ ಸುಮ್ಮನಾದರು. ಕೊಡೆ ಒಂಚೂರು ಓರೆ ಮಾಡಿ ಆಕಾಶ ನೋಡಿದರು. ಆ ಮೌನ ಮೂರು ಸೆಕೆಂಡೂ ಇರಲಿಲ್ಲ, ನನಗೆ ತಡೆಯಲಾಗಲಿಲ್ಲ. "ಕ್ಷಮಿಸಿ, ಅಮ್ಮನಿಗೆ ಜಪಾನಿ ಬರಲ್ಲ, ತಪ್ಪು ಹೇಳಿಬಿಟ್ಟಳು" ಎಂದು ಬಾಯಿ ಹಾಕಿದೆ. ಅಜ್ಜಿ ನನ್ನ ಕಡೆ ತಿರುಗಲೂ ಇಲ್ಲ. ಅಮ್ಮನನ್ನೇ ನೋಡುತ್ತಾ, "ಸೋ ದೆಸ್ ನೆ. ಮೆಗುಮಿ ನೊ ಅಮೆ ದೆಸ್ ನೆ" ಅಂದರು. ಬಲೆ ಬಿಟ್ಟು, ಬಗ್ಗಿ ನಮಸ್ಕರಿಸಿ, ಹೊರಟುಹೋದರು.

ಆ ವಾಕ್ಯ ಅಮ್ಮನಿಗೆ ಕಲಿಸಿದವನು ನಾನೇ. ಟೋಕಿಯೊದ ಈ ನಿಶಿಕಸಾಯಿಯಲ್ಲಿ ನಮ್ಮವರಿಗೆ ಬರವಿಲ್ಲ, ಉದ್ದಿನಬೇಳೆಯೂ ಸಿಗುತ್ತದೆ, ಸ್ಟೇಷನ್ ಹತ್ತಿರ ಕನ್ನಡವೂ ಕಿವಿಗೆ ಬೀಳುತ್ತದೆ. ಆದರೆ ವಾರದ ದಿನ ಎಲ್ಲರೂ ಆಫೀಸಿಗೆ ಹೋದ ಮೇಲೆ ಅಮ್ಮ ಒಬ್ಬಳೇ. ಮೆಟ್ಟಿಲಲ್ಲಿ ಯಾರಾದರೂ ಸಿಕ್ಕರೆ ಒಂದು ಮಾತಾದರೂ ಇರಲಿ ಅಂತ ಕಲಿಸಿದೆ. ಅದು ಮೇ ತಿಂಗಳು, ಅರಕಾವಾ ನದಿಯ ಏರಿ ಮೇಲೆ ವಾಕಿಂಗ್ ಹೋದರೆ ಬೆನ್ನಿಗೆ ಹಿತವಾದ ಬಿಸಿಲು. ವಾಕ್ಯಕ್ಕೆ ಬೇರೆ ಅರ್ಥವೇ ಬೇಕಿರಲಿಲ್ಲ.

"ಓತೆಂಕಿ" ನಾಲಿಗೆಗೆ ಕೂರಲು ಅಮ್ಮನಿಗೆ ಎರಡು ದಿನ ಬೇಕಾಯಿತು. ಮೂರನೇ ದಿನ ತಾನೇ ದಾರಿ ಕಂಡುಕೊಂಡಳು: "ಓತಿಕ್ಯಾತ ಇದ್ದಂಗೈತೆ ತಗಾ." ಬೇಲಿ ಮೇಲೆ ಕೂತು ತಲೆ ಆಡಿಸುವ ಓತಿಕ್ಯಾತ. "ಇವ್ರೂ ಹಂಗೇ ಅಲ್ಲೇನೋ, ಮಾತಿಗೊಂದ್ಸಲ ತಲೆ ಆಡಿಸ್ತಾರೆ." ಅಂದಿನಿಂದ ಮರೆತಿಲ್ಲ. ಹವಾಗೆ "ತೆಂಕಿ" ಅಂತಾರೆ, ಮುಂದಿನ "ಓ" ಮರ್ಯಾದೆಗೆ ಹಚ್ಚಿದ್ದು ಎಂದಾಗ ಅವಳಿಗೆ ಆಶ್ಚರ್ಯವೇನೂ ಆಗಲಿಲ್ಲ. "ನಾವೂ ಮಳೆರಾಯ ಅನ್ನಲ್ವಾ?" ಕೊನೆಯ "ನೆ" ಅಂತೂ ನಮ್ಮ "ಅಲ್ವಾ"ನೇ. ಯಾರಾದರೂ "ನೆ" ಅಂದರೆ ನಾವೂ "ನೆ" ಹಚ್ಚಿ "ಸೋ ದೆಸ್ ನೆ", ಅಂದರೆ "ಹೌದಲ್ವಾ" ಅನ್ನಬೇಕು. "ಸೋ ದೆಸ್ ಕಾ" ಅಂದರೆ "ಓ ಹೌದಾ, ಗೊತ್ತೇ ಇರಲಿಲ್ಲ" ಅಂದಂತಾಗುತ್ತದೆ, ತಲೆ ಮೇಲಿನ ಬಿಸಿಲು ನಿಮಗೆ ಕಂಡೇ ಇಲ್ಲ ಎಂಬಂತೆ. ಇದನ್ನು ಕಲಿಯಲು ನನಗೇ ಒಂದು ವರ್ಷ ಹಿಡಿದಿತ್ತು. ಅಮ್ಮ ಒಂದೇ ಸಂಜೆಗೆ ಹಿಡಿದಳು. ಜಗಲಿ ಮೇಲೆ ಕೂತು ಬೀದಿಯವರನ್ನೆಲ್ಲ ಮಾತಾಡಿಸಿ ಅಭ್ಯಾಸವಿದ್ದವರಿಗೆ ಇದೇನು ಹೊಸ ವಿದ್ಯೆಯಲ್ಲ.

ಸೋಮವಾರ ಮೆಟ್ಟಿಲು ಹತ್ತುತ್ತಾ ಕೇಳಿದೆ, "ಅಲ್ಲಮ್ಮ, ಹಿಂಗೆ ಮಳೆ ಹುಯ್ತಿರೋವಾಗ ಒಳ್ಳೇ ಹವಾ ಅಂದ್ಯಲ್ಲ?"

"ಮತ್ತೆ? ಮಳೆ ಬಂದ್ರೆ ಒಳ್ಳೇದಲ್ವೇನೋ? ಬಿಸಿಲಿಗೆ ಒಳ್ಳೇ ಹವಾ ಅನ್ನಾಕೆ ನನಗೇನ್ ತಲೆ ಕೆಟ್ಟೈತಾ?"

"ಮೇ ತಿಂಗಳಲ್ಲಿ ಅಂತಿದ್ದೆ."

"ನೀನು ಅನ್ನು ಅಂದೆ, ಅಂದೆ."

ನನ್ನ ಬಳಿ ಉತ್ತರವಿರಲಿಲ್ಲ. ಚಳ್ಳಕೆರೆ ಸೀಮೆಯಲ್ಲಿ ವರ್ಷಕ್ಕೆ 500 ಮಿಲಿಮೀಟರ್ ಆಸುಪಾಸು ಮಳೆಯಾದರೆ ಅದೇ ಪುಣ್ಯ. ಟೋಕಿಯೊದಲ್ಲಿ ಸುಮಾರು 1,600. ಶೇಂಗಾ ಬಿತ್ತಲು ಮೋಡ ಕಾದು ಕೂತವರ ಮನೆಯ ಹೆಣ್ಣುಮಗಳು ಅವಳು. ಮಳೆ ಹೋದರೆ ಊರಲ್ಲಿ ಮಣ್ಣಿನ ಮಳೆರಾಯನನ್ನು ಹುಡುಗರ ತಲೆ ಮೇಲೆ ಹೊರಿಸಿ ಬೀದಿ ಸುತ್ತಿಸುತ್ತಿದ್ದರು, ಮನೆಮನೆಯವರು ಬಿಂದಿಗೆ ನೀರು ಸುರಿಯುತ್ತಿದ್ದರು. ಇಲ್ಲಿ ಮಕ್ಕಳು ಬಿಳಿ ಬಟ್ಟೆಯ ಪುಟ್ಟ ಗೊಂಬೆ ಮಾಡಿ ಕಿಟಕಿಗೆ ನೇತುಹಾಕುತ್ತಾರೆ. ತೆರುತೆರುಬೋಜು ಅಂತ ಹೆಸರು, ನಾಳೆ ಬಿಸಿಲು ಬರಲಿ ಎಂಬ ಬೇಡಿಕೆ. ಜಪಾನಿನಲ್ಲಿ ಬರೇ "ತೆಂಕಿ" ಅಂದರೂ ಕೆಲವು ಕಡೆ ಬಿಸಿಲು ಅಂತಲೇ ಅರ್ಥ. ಪದವೇ ಒಂದು ಪಕ್ಷ ಹಿಡಿದು ಕೂತಿದೆ. ಅಮ್ಮ ಇನ್ನೊಂದು ಪಕ್ಷದವಳು, ಅಷ್ಟೇ.

ಇದರಲ್ಲೊಂದು ತಮಾಷೆ ಇದೆ. ಟೋಕಿಯೊ ಕಡೆಯ ಮಳೆಗಾಲ, ಅಂದರೆ ತ್ಸುಯು, ಸರಾಸರಿ ಲೆಕ್ಕದಲ್ಲಿ ಶುರುವಾಗುವುದು ಜೂನ್ 7ಕ್ಕೆ. ನಮ್ಮ ಮೃಗಶಿರ ಮಳೆ ಹುಟ್ಟುವುದೂ ಹೆಚ್ಚುಕಮ್ಮಿ ಅದೇ ದಿನ. ಇಲ್ಲಿಯ ಹಳೆ ಪಂಚಾಂಗದಲ್ಲಿ ವರ್ಷಕ್ಕೆ 24 ಭಾಗ. ಜೂನ್ ಮೊದಲ ವಾರ ಶುರುವಾಗುವ ಭಾಗದ ಹೆಸರು ಬೋಶು, ಕಾಳು ಬಿತ್ತುವ ಹೊತ್ತು. ಅಮ್ಮನಿಗೆ ಇದನ್ನೆಲ್ಲ ಹೇಳಿದರೆ, "ಆದ್ರೆ ಆರಿದ್ರಾ, ಇಲ್ದಿದ್ರೆ ದರಿದ್ರ ಅನ್ನೋದನ್ನ ಅವರಜ್ಜೀರೂ ಅಂದಿರ್ತಾರೆ ಬಿಡು" ಎಂದು ಸೊಪ್ಪು ಬಿಡಿಸಲು ಕೂತಳು.

ಅಜ್ಜಿ ಅಂದಿದ್ದೇನು ಅಂತ ನನಗೆ ಅಲ್ಲೇ ತಿಳಿದಿದ್ದರೆ ಈ ಬರಹವೇ ಇರುತ್ತಿರಲಿಲ್ಲ. "ಅಮೆ" ಮಳೆ, ಗೊತ್ತು. ಮೆಗುಮಿ ಅನ್ನುವುದು ನನಗೆ ಗೊತ್ತಿದ್ದ ಮಟ್ಟಿಗೆ ಹೆಂಗಸರ ಹೆಸರು. ಮೆಗುಮಿಯ ಮಳೆ? ಯಾರೀಕೆ ಮೆಗುಮಿ? ರೈಲಿನಲ್ಲಿ ನಿಂತು ಅದನ್ನೇ ಯೋಚಿಸಿದೆ. ಮಧ್ಯಾಹ್ನ ಊಟದ ಹೊತ್ತಿಗೆ ಪಕ್ಕದ ಟೇಬಲ್ಲಿನ ಸಹೋದ್ಯೋಗಿಯನ್ನು ಕೇಳಿದೆ. ಮೆಗುಮಿ ಅಂದರೆ ಕೃಪೆ, ವರ. ತುಂಬ ದಿನ ಒಣಗಿದ ಮೇಲೆ ಹೊಲಕ್ಕೆ ಬೀಳುವ ಮಳೆಗೆ ಹಾಗೆನ್ನುತ್ತಾರೆ ಎಂದರು ಆಕೆ. "ಟೋಕಿಯೊದಲ್ಲಿ, ಅದೂ ಕಸ ಇಡುವಾಗ, ಯಾರು ಹಾಗಂದರು?" ಎಂದು ನಕ್ಕರು.

ಟೋಕಿಯೊದಲ್ಲಿ ಆ ವಾರವೇನೂ ಬರಗಾಲವಿರಲಿಲ್ಲ. ಅಜ್ಜಿಗೂ ಒಂದು ಕಾಲದಲ್ಲಿ ಗದ್ದೆಯಿತ್ತೋ ಏನೋ. ಅಥವಾ ಎದುರಿಗಿದ್ದ ಹೆಂಗಸು ಯಾವ ಮಳೆಯ ಮಾತಾಡುತ್ತಿದ್ದಾಳೆ ಎಂದು ಆ ಮೂರು ಸೆಕೆಂಡಿನಲ್ಲಿ ಹುಡುಕಿ, ಅವಳಿಗೆ ಹೊಂದುವ ಪದ ತೆಗೆದುಕೊಟ್ಟರೋ. ನನ್ನ ಸ್ನೇಹಿತನೊಬ್ಬ, ದಾವಣಗೆರೆಯವನು, ಕೇಳಿದ ತಕ್ಷಣ "ಅದು ತತೆಮಾಎ ಕಣೋ, ಬರೀ ಮೇಲ್ಮಾತು" ಅಂದ. ಹತ್ತು ವರ್ಷ ಇಲ್ಲಿದ್ದು ಅವನು ಕಲಿತಿರುವುದು ಆ ಒಂದು ಪದ. ಜಪಾನಿನವರು ಸೀನಿದರೂ ಅದರಲ್ಲೇ ವಿವರಿಸುತ್ತಾನೆ.

ಮೇಲ್ಮಾತೇ ಇರಲಿ. ನನ್ನನ್ನು ಕೊರೆಯುತ್ತಿರುವುದು ನನ್ನ "ಕ್ಷಮಿಸಿ". ಯಾರೂ ಕೇಳಿರಲಿಲ್ಲ. ಇಬ್ಬರು ಹೆಂಗಸರು ಮಳೆಯಲ್ಲಿ ನಿಂತು ಮಾತಾಡುತ್ತಿದ್ದರು, ಒಬ್ಬಳ ಪರವಾಗಿ ಇನ್ನೊಬ್ಬರ ಹತ್ತಿರ ತಪ್ಪೊಪ್ಪಿಕೊಳ್ಳಲು ನಾನು ನಡುವೆ ಹೋದೆ. ಆರು ವರ್ಷದಲ್ಲಿ ಹೀಗೆ ಎಷ್ಟಕ್ಕೆ ಸುಮಿಮಾಸೆನ್ ಅಂದಿದ್ದೇನೋ ಲೆಕ್ಕವಿಲ್ಲ. ಒಗ್ಗರಣೆ ವಾಸನೆ ಮೆಟ್ಟಿಲಿಗೆ ಹೋಯಿತೆಂದು, ಫೋನಿನಲ್ಲಿ ಅಣ್ಣನ ದನಿ ದೊಡ್ಡದಾಯಿತೆಂದು. ಅಮ್ಮ ಬಂದ ಎರಡನೇ ದಿನ ಬಾಗಿಲ ಮುಂದೆ ರಂಗೋಲಿ ಎಳೆ ಬಿಟ್ಟಿದ್ದಳು. ಅವಳು ಸ್ನಾನಕ್ಕೆ ಹೋದಾಗ ಒದ್ದೆ ಬಟ್ಟೆಯಲ್ಲಿ ಒರೆಸಿ, ಕೇಳಿದ್ದಕ್ಕೆ ಗಾಳಿಗೆ ಹೋಗಿರಬೇಕು ಅಂದೆ. ಅವಳು ನಂಬಿದಳೋ, ನನಗಾಗಿ ನಂಬಿದಂತೆ ಮಾಡಿದಳೋ. ಮರುದಿನದಿಂದ ಹಾಕಲಿಲ್ಲ.

ನಿನ್ನೆ ಗುರುವಾರ ಮಳೆ ಬಿಡುವು ಕೊಟ್ಟಿತು. ಬೆಳಿಗ್ಗೆ ಎಂಟಕ್ಕೇ ಸುಡುವ ಬಿಸಿಲು, ಮೈಗೆ ಅಂಟುವ ಸೆಕೆ. ಬೀದಿಯ ಬಾಲ್ಕನಿಗಳಲ್ಲೆಲ್ಲ ದೊಡ್ಡ ಕ್ಲಿಪ್ಪು ಹಾಕಿ ಒಣಗಲು ಬಿಟ್ಟ ಹಾಸಿಗೆಗಳು. ಕಸ ಇಟ್ಟು ತಿರುಗುವಾಗ ಅಜ್ಜಿ ಪೊರಕೆ ಹಿಡಿದು ನಿಂತಿದ್ದರು. ಅಮ್ಮನನ್ನು ಕಂಡು ಮುಖವರಳಿತು.

"ಈ ಓತೆಂಕಿ ದೆಸ್ ನೆ!"

ನಾನು ತುಟಿ ಬಿಗಿಹಿಡಿದು ನಿಂತೆ. ಅಮ್ಮ ಸೆರಗಿನಿಂದ ಕುತ್ತಿಗೆ ಒರೆಸಿಕೊಂಡಳು. "ಏನ್ ಒಳ್ಳೇದೋ, ಜೀವ ಹೋಗೋ ಸೆಕೆ" ಎಂದು ನನಗೊಬ್ಬನಿಗೇ ಕೇಳುವಂತೆ ಕನ್ನಡದಲ್ಲಿ ಗೊಣಗಿದಳು. ಆಮೇಲೆ ಆಕಾಶ ನೋಡಿದಳು, ಅಜ್ಜಿಯನ್ನು ನೋಡಿದಳು, ಓತಿಕ್ಯಾತನಂತೆ ಎರಡು ಸಲ ತಲೆ ಆಡಿಸಿ ರಾಗವಾಗಿ ಎಳೆದಳು: "ಸೋ ದೆಸ್ ನೇ..."