ಪಾರ್ಟ್ಸ್ ಎಲ್ಲಾ ಬದಲಾದ ಮೇಲೂ ಅದು ಅದೇ ಕಾರಾ?

ಹಳೇ ಕಾರುಗಳ ಬಗ್ಗೆ ಮಾತು ಶುರುವಾದರೆ ಯಾರಾದರೊಬ್ಬರು ಈ ಪ್ರಶ್ನೆ ಕೇಳಿಯೇ ಕೇಳುತ್ತಾರೆ. ‘ಎಂಜಿನ್ ಬದಲಾಗಿದೆ, ಬಾಡಿ ಬದಲಾಗಿದೆ, ಇನ್ನೇನು ಉಳಿದಿದೆ ಸಾರ್? ಅದನ್ನ ಅದೇ ಕಾರು ಅಂತ ಹೇಗೆ ಹೇಳ್ತೀರಿ?’ ಮದುವೆ ಮನೆಯ ಊಟದ ಪಂಕ್ತಿಯಲ್ಲಿ ಕೇಳಿದ್ದಾರೆ, ಜೆ.ಸಿ. ರೋಡಿನ ಅಂಗಡಿಯಲ್ಲಿ ಬೇರಿಂಗ್ ಕೊಳ್ಳುತ್ತಾ ನಿಂತಿದ್ದಾಗ ಕೇಳಿದ್ದಾರೆ. ನಾಲ್ಕು ಮಾತಿನಲ್ಲಿ ಮುಗಿಯುವ ಉತ್ತರವಲ್ಲ ಇದು. ಅದಕ್ಕೇ ಒಮ್ಮೆ ಕೂತು ಬರೆದುಬಿಡುತ್ತಿದ್ದೇನೆ.

ಇದೇ ಪ್ರಶ್ನೆ 1990ರಲ್ಲಿ ಲಂಡನ್ನಿನ ಹೈಕೋರ್ಟಿನ ಮೆಟ್ಟಿಲು ಹತ್ತಿತ್ತು. ಹಬರ್ಡ್ ಎಂಬುವರು ತಮ್ಮ ಬಳಿಯಿದ್ದ ಒಂದು ಬೆಂಟ್ಲಿಯನ್ನು, ‘ಓಲ್ಡ್ ನಂಬರ್ ಒನ್’ ಎಂದು ಹೆಸರಾದ ಹಳೇ ರೇಸಿಂಗ್ ಕಾರು ಎಂದು, ಮಿಡಲ್‌ಬ್ರಿಡ್ಜ್ ಸಿಮಿಟರ್ ಎಂಬ ಕಂಪನಿಗೆ ಮಾರಲು ಏಪ್ರಿಲ್ 7ರಂದು ಒಪ್ಪಂದ ಮಾಡಿಕೊಂಡಿದ್ದರು. ಬೆಲೆ ಒಂದು ಕೋಟಿ ಪೌಂಡ್. ಆಮೇಲೆ ಕಂಪನಿ ಹಿಂದೆ ಸರಿಯಿತು. ನೀವು ಮಾರುತ್ತಿರುವುದು ‘ಓಲ್ಡ್ ನಂಬರ್ ಒನ್’ ಅಲ್ಲವೇ ಅಲ್ಲ, ಆ ಹೆಸರಿನ ಕಾರಿನದೆನ್ನಬಹುದಾದದ್ದು ಇದರಲ್ಲಿ ಏನೂ ಉಳಿದಿಲ್ಲ ಎಂಬುದು ಅದರ ವಾದ. ನ್ಯಾಯಮೂರ್ತಿ ಆಟನ್ ಅದೇ ಜುಲೈನಲ್ಲಿ ತೀರ್ಪು ಕೊಟ್ಟರು. ತೀರ್ಪಿಗೆ ಆಮೇಲೆ ಬರುತ್ತೇನೆ. ಮೊದಲು ಕಾರಿನ ಕತೆ ಗೊತ್ತಿರಬೇಕು.

ಬೆಂಟ್ಲಿ ಸ್ಪೀಡ್ ಸಿಕ್ಸ್ ಮಾದರಿ, ಚಾಸಿ (ಕಾರಿನ ತಳದ ಚೌಕಟ್ಟು) ನಂಬರ್ ಎಲ್‌ಬಿ 2332. ಆರು ಸಿಲಿಂಡರಿನ, 6,597 ಸಿಸಿ ಎಂಜಿನ್. 1929ರ ಜೂನ್‌ನಲ್ಲಿ ಫ್ರಾನ್ಸಿನ ಲೆ ಮಾನ್ಸ್‌ನಲ್ಲಿ ನಡೆದ 24 ಗಂಟೆಗಳ ರೇಸಿಗೆ ಇದು ಹೋದಾಗ ಬದಿಯಲ್ಲಿ ಬರೆದಿದ್ದ ಸಂಖ್ಯೆ 1. ಹೆಸರು ಬಂದದ್ದು ಅಲ್ಲಿಂದಲೇ. ವುಲ್ಫ್ ಬಾರ್ನಾಟೊ ಮತ್ತು ಟಿಮ್ ಬರ್ಕಿನ್ ಸರದಿಯ ಮೇಲೆ ಓಡಿಸಿ 174 ಸುತ್ತು, 2,843 ಕಿಲೋಮೀಟರಿಗೂ ಹೆಚ್ಚು ದೂರ ಕ್ರಮಿಸಿ ಗೆದ್ದರು. ಹಿಂದೆ ಬಂದ ಮೂರು ಕಾರುಗಳೂ ಬೆಂಟ್ಲಿಗಳೇ. ಎರಡನೆಯ ಸ್ಥಾನದ ಕಾರಿನಲ್ಲಿ ಜ್ಯಾಕ್ ಡನ್ಫಿ ಎಂಬಾತ ಇದ್ದ. ಈ ಹೆಸರು ನೆನಪಿಟ್ಟುಕೊಳ್ಳಿ.

ಮುಂದಿನ ವರ್ಷ ಅದೇ ಲೆ ಮಾನ್ಸ್, ಮತ್ತೆ ಬಾರ್ನಾಟೊ, ಜೊತೆಗೆ ಈ ಸಲ ಗ್ಲೆನ್ ಕಿಡ್‌ಸ್ಟನ್. ಎದುರಿಗೆ ಜರ್ಮನಿಯ ರೇಸ್ ಚಾಲಕ ಕಾರಾಚಿಯೋಲಾನ ಮರ್ಸಿಡಿಸ್ ಇತ್ತು. ಅದು ರಾತ್ರಿ ಕಳೆಯುವುದರೊಳಗೆ ಕೈಕೊಟ್ಟಿತು. ಬೆಂಟ್ಲಿ 179 ಸುತ್ತು ಹೊಡೆದು ಗೆದ್ದಿತು. ಒಂದೇ ಕಾರು ಎರಡು ವರ್ಷ ಲೆ ಮಾನ್ಸ್ ಗೆದ್ದದ್ದು ಅದೇ ಮೊದಲು. ಬಾರ್ನಾಟೊ ಅಲ್ಲಿ ಸ್ಪರ್ಧಿಸಿದ್ದೇ ಮೂರು ಸಲ, ಮೂರು ಸಲವೂ ಗೆದ್ದ. ದಕ್ಷಿಣ ಆಫ್ರಿಕಾದ ಕಿಂಬರ್ಲಿಯ ವಜ್ರದ ಗಣಿಗಳಿಂದ ಬಂದ ಅಪ್ಪನ ಆಸ್ತಿ ಅವನದಾಗಿತ್ತು. ನಷ್ಟದಲ್ಲಿದ್ದ ಬೆಂಟ್ಲಿ ಕಂಪನಿಗೆ ಅದೇ ಹಣ ಹಾಕಿ ಅಧ್ಯಕ್ಷನೂ ಆಗಿದ್ದ. ಆದರೂ 1931ರಲ್ಲಿ ಕಂಪನಿ ಮುಳುಗಿ ರೋಲ್ಸ್ ರಾಯ್ಸ್ ಪಾಲಾಯಿತು. ಕಾರು ಮಾತ್ರ ಬಾರ್ನಾಟೊ ಕೈಯಲ್ಲೇ ಉಳಿಯಿತು.

ಅವನು ಅದನ್ನು ಮನೆಯಲ್ಲಿ ಹೊದಿಸಿ ಇಡಲಿಲ್ಲ. ಅದೇ 1931ರಲ್ಲಿ ಇಂಗ್ಲೆಂಡಿನ ಬ್ರೂಕ್‌ಲ್ಯಾಂಡ್ಸ್‌ನಲ್ಲಿ ನಡೆದ 500 ಮೈಲಿ ರೇಸಿಗೆ ಕಳಿಸಿದ. ಜ್ಯಾಕ್ ಡನ್ಫಿ ಮತ್ತು ಸಿರಿಲ್ ಪಾಲ್ ಗಂಟೆಗೆ ಸರಾಸರಿ 118.39 ಮೈಲಿ ವೇಗದಲ್ಲಿ ಗೆದ್ದರು. ಮರುವರ್ಷ ಇನ್ನೂ ವೇಗ ಬೇಕಾಯಿತು. ಬೆಂಟ್ಲಿಯ 4 ಲೀಟರ್ ಮಾದರಿಯ ಚಾಸಿ ತಂದು, ಅದಕ್ಕೆ 8 ಲೀಟರಿನ ಎಂಜಿನ್ ಕೂರಿಸಿ ಕಾರನ್ನು ಹೊಸದಾಗಿ ಕಟ್ಟಿದರು. 1932ರ ಸೆಪ್ಟೆಂಬರ್ 24. ಜ್ಯಾಕ್ ಮತ್ತು ಅವನ ತಮ್ಮ ಕ್ಲೈವ್ ಇಬ್ಬರೂ ಸರದಿಯ ಮೇಲೆ ಓಡಿಸುವುದೆಂದು ನಿಶ್ಚಯವಾಗಿತ್ತು. ಕ್ಲೈವ್ ಓಡಿಸುತ್ತಿದ್ದಾಗ ಇಳಿಜಾರು ತಿರುವಿನ ಮೇಲಂಚನ್ನು ಚಕ್ರ ದಾಟಿತು. ಅವನು ಹೊರಗೆ ಎಸೆಯಲ್ಪಟ್ಟು ಸತ್ತ. ಕಾರು ಮರಗಳ ನಡುವೆ ನುಗ್ಗಿ ಆಚೆ ಬಿತ್ತು. ನಟಿ ಜೇನ್ ಬ್ಯಾಕ್ಸ್‌ಟರ್ ಅವನ ಹೆಂಡತಿ. ಮದುವೆಯಾಗಿ ಎರಡು ವರ್ಷವಾಗಿತ್ತು.

ಆ ಕಾರನ್ನು ಬಾರ್ನಾಟೊ ಗುಜರಿಗೆ ಹಾಕಲಿಲ್ಲ. ರಿಪೇರಿ ಮಾಡಿಸಿ, ಮುಚ್ಚಿದ ಕೂಪೆ ಬಾಡಿ ಕಟ್ಟಿಸಿ ರಸ್ತೆಗಿಳಿಸಿದ. ದಶಕಗಳ ನಂತರ ಮಾಲೀಕರು ಬದಲಾದರು, ಕೂಪೆ ಬಾಡಿ ಹೋಯಿತು, ಮತ್ತೆ ತೆರೆದ ರೇಸಿಂಗ್ ಬಾಡಿ ಬಂತು. ಹಾಗೆ ಬಂದು ನಿಂತಿದ್ದ ಕಾರಿನ ಮೇಲೆಯೇ ಕೋರ್ಟಿನಲ್ಲಿ ವಾದ ನಡೆದದ್ದು.

ನ್ಯಾಯಾಧೀಶರು ಮಾಡಿದ ಮೊದಲ ಕೆಲಸ ಲೆಕ್ಕ ಹಾಕಿಸಿದ್ದು. ಕಾರಿನಲ್ಲಿ ಯಾವ ವರ್ಷದ ಲೋಹ ಎಷ್ಟಿದೆ? ತೀರ್ಪಿನ ಈ ಭಾಗ ನನಗೆ ಬಹಳ ಇಷ್ಟ, ಏಕೆಂದರೆ ಇದರಲ್ಲಿ ಮುಚ್ಚುಮರೆ ಇಲ್ಲ. 1929ರಲ್ಲಿ ಗೆದ್ದ ಕಾರಿನದು, ಕಾಲ ಗೊತ್ತುಮಾಡಲಾಗದ ಚೂರುಪಾರು ಬಿಟ್ಟರೆ, ಏನೂ ಉಳಿದಿಲ್ಲ. 1930ರಲ್ಲಿ ಗೆದ್ದದ್ದರಲ್ಲಿ ಉಳಿದಿರುವುದು ಮೂರೇ ಸಾಮಾನು: ಪೆಡಲ್ ಶಾಫ್ಟ್, ಗೇರ್‌ಬಾಕ್ಸಿನ ಕೇಸಿಂಗ್, ಸ್ಟಿಯರಿಂಗ್ ಕಾಲಮ್. ಆಮೇಲಿನದು 1932ರ ಅಪಘಾತದ ಕಾರು. ಅದರದು ತುಂಬಾ ಇದೆ. ಚಾಸಿ, ಕೆಲವು ಮೀಟರುಗಳು, ಇನ್ನೂ ಹಲವು ಸಾಮಾನು.

ಇಷ್ಟು ಲೆಕ್ಕ ಕೈಯಲ್ಲಿಟ್ಟುಕೊಂಡೂ ಅವರು ಮಾರುವವರ ಪರ ತೀರ್ಪು ಕೊಟ್ಟರು. ಇದು ಓಲ್ಡ್ ನಂಬರ್ ಒನ್ನೇ ಎಂದರು. ಕಾರ್ಖಾನೆಯಿಂದ ಹೊರಬಂದಾಗಿನ ಮೂಲರೂಪ ಇದರಲ್ಲಿಲ್ಲ, ಹಾಗಾಗಿ ‘ಮೂಲ’ ಕಾರು ಎನ್ನಲಾಗದು. ಹಾಗಂತ ಇದು ನಕಲೂ ಅಲ್ಲ, ಹಾಳಾಗಿ ಬಿದ್ದಿದ್ದನ್ನು ಎಬ್ಬಿಸಿ ಕಟ್ಟಿದ್ದೂ ಅಲ್ಲ. ಬದಲಾಗುತ್ತಾ ಬಂದ, ಆದರೆ ನಿಜವಾದ ಕಾರು. ಹೊಸ ಭಾಗಗಳು ನಿಧಾನವಾಗಿ, ಒಂದೊಂದಾಗಿ ಹಳೆಯದರೊಳಗೆ ಬೆರೆತುಹೋದದ್ದರಿಂದ ಯಾವ ಹಂತದಲ್ಲೂ ಕಾರು ತನ್ನ ಗುರುತು ಕಳೆದುಕೊಳ್ಳಲಿಲ್ಲ. ನಾಲ್ಕು ಸೀಸನ್ ಎಡೆಬಿಡದೆ ರೇಸ್ ಮಾಡಿದೆ. ಆ ಹೆಸರಿಗೆ ಹಕ್ಕು ಹೇಳಬಲ್ಲ ಇನ್ನೊಂದು ಬೆಂಟ್ಲಿ ಭೂಮಿಯ ಮೇಲಿಲ್ಲ. ಮಾರಾಟಕ್ಕಿದ್ದದ್ದು ಬರೀ ಲೋಹವಲ್ಲ, ಅದರ ಜೊತೆಗೆ ಈ ಚರಿತ್ರೆಯೂ. ತೀರ್ಪಿನ ತಿರುಳು ಇದು.

ನನ್ನ ಉತ್ತರವೂ ಇದೇ. ಅದೇ ಕಾರು. ಆದರೆ ಇದನ್ನು ನಾನು ನಂಬುವುದಕ್ಕೆ ಕೋರ್ಟಿನ ಮಾತಿಗಿಂತ ಬೇರೆ ಕಾರಣವೂ ಇದೆ.

ಕಂಪನಿ ಕಟ್ಟಿದ ಡಬ್ಲ್ಯು.ಒ. ಬೆಂಟ್ಲಿ ಕೆಲಸ ಕಲಿತದ್ದು ಕಾರಿನ ಗ್ಯಾರೇಜಿನಲ್ಲಿ ಅಲ್ಲ, ಡಾನ್‌ಕಾಸ್ಟರಿನ ರೈಲ್ವೆ ವರ್ಕ್‌ಶಾಪಿನಲ್ಲಿ. ಸ್ಪೀಡ್ ಸಿಕ್ಸ್ ಎಂಜಿನ್ನಿನಲ್ಲಿ ಅದು ಕಾಣುತ್ತದೆ. ಎಂಜಿನ್ನಿನ ಕವಾಟಗಳನ್ನು ತೆರೆಯುವ ಮೇಲಿನ ಕ್ಯಾಮ್‌ಶಾಫ್ಟ್ ತಿರುಗುವುದು ಚೈನಿನಿಂದಲ್ಲ. ಉಗಿಬಂಡಿಯ ಗಾಲಿಗಳನ್ನು ಜೋಡಿಸುವ ಸರಳುಗಳ ಹಾಗೆ ಮೂರು ಸರಳುಗಳು ಕೆಳಗಿನ ಚಲನೆಯನ್ನು ಮೇಲಕ್ಕೆ ಒಯ್ಯುತ್ತವೆ. ಆ ರೈಲ್ವೆ ಶೆಡ್ಡುಗಳಲ್ಲಿ ಓವರ್‌ಹಾಲಿಗೆ ಬಂದ ಎಂಜಿನ್ನಿನ ಬಾಯ್ಲರ್ ಇಳಿಸಿ, ತಯಾರಾಗಿದ್ದ ಬೇರೆ ಬಾಯ್ಲರ್ ಏರಿಸಿ ಕಳಿಸುವುದು ದಿನನಿತ್ಯದ ಕೆಲಸ. ಬಂಡಿಯ ನಂಬರು ಬದಲಾಗುತ್ತಿರಲಿಲ್ಲ, ಹೊಸ ಬಂಡಿ ಬಂತೆಂದು ಯಾರೂ ಹೇಳುತ್ತಿರಲಿಲ್ಲ. ಬೆಂಟ್ಲಿಯ ರೇಸಿಂಗ್ ವಿಭಾಗವೂ ಹಾಗೇ ನಡೆಯಿತೆಂದರೆ ನನಗೆ ಆಶ್ಚರ್ಯವಿಲ್ಲ. ರೇಸಿಂಗ್ ಕಾರೆಂದರೆ ಪ್ರತಿ ರೇಸಿನ ನಂತರ ಬಿಚ್ಚುವಂಥದ್ದು, ಸವೆದದ್ದನ್ನು ಎಸೆಯುವಂಥದ್ದು. 1929ರ ಮೂಲ ಭಾಗಗಳು ಇಂದೂ ಹಾಗೇ ಇದ್ದಿದ್ದರೆ ಅದರರ್ಥ ಕಾರು ಆಮೇಲೆ ಓಡಲೇ ಇಲ್ಲ ಎಂದು. ಓಡಿದೆ, ಆದ್ದರಿಂದಲೇ ಸವೆದಿದೆ.

ನಮ್ಮಲ್ಲೂ ಈ ತಿಳಿವಳಿಕೆ ಇದೆ. ನನ್ನ ಸೋದರಮಾವನ ಹತ್ತಿರ ಮದ್ರಾಸಿನಲ್ಲಿ ತಯಾರಾದ ಸ್ಟ್ಯಾಂಡರ್ಡ್ ಹೆರಾಲ್ಡ್ ಇತ್ತು. ಆರ್.ಸಿ. ಪುಸ್ತಕ ಈಗ ನನ್ನ ಹತ್ತಿರ ಇದೆ, ಬೆನ್ನು ಬಿಟ್ಟುಹೋಗಿ ಎರಡು ಹೋಳಾಗಿದೆ. ಎಂಜಿನ್ ನಂಬರಿನ ಮೇಲೆ ಕೆಂಪು ಶಾಯಿಯಲ್ಲಿ ಒಂದು ಗೆರೆ, ಪಕ್ಕದಲ್ಲಿ ಹೊಸ ನಂಬರು, ಅದರ ಮೇಲೆ ಅರ್ಧ ಮಾತ್ರ ಮೂಡಿದ ಆರ್.ಟಿ.ಓ. ಸೀಲು. ಕಾರಿನ ಹೃದಯವೇ ಬದಲಾದರೂ ಪುಸ್ತಕ ಬದಲಾಗಲಿಲ್ಲ. ಹಳೆಯದನ್ನು ಅಳಿಸಲೂ ಇಲ್ಲ, ಓದಲು ಬರುವ ಹಾಗೆ ಗೆರೆ ಎಳೆದು ಬಿಟ್ಟಿದ್ದಾರೆ. ಆ ಗೆರೆಯನ್ನು ನೋಡುತ್ತಾ ಎಷ್ಟೋ ಸಲ ಕೂತಿದ್ದೇನೆ. ಬದಲಾಯಿಸುವುದು ತಪ್ಪಲ್ಲ. ಬದಲಾಯಿಸಿದ್ದನ್ನು ಅಡಗಿಸುವುದು ತಪ್ಪು.

ಹಾಗಾದರೆ ಎಷ್ಟು ಬದಲಾದರೂ ನಡೆಯುತ್ತದೆಯೇ? ಇಲ್ಲ. ಊರ ತೇರಿಗೆ ಒಂದು ವರ್ಷ ಗಾಲಿ, ಇನ್ನೊಂದು ವರ್ಷ ಅಚ್ಚು ಹಾಕಿಸಿದರೆ ಅದು ಹಳೇ ತೇರೇ. ತೇರು ಗೆದ್ದಲು ಹಿಡಿದು ವರ್ಷಗಟ್ಟಲೆ ನಿಂತುಹೋಗಿ, ಊರವರು ಮರ ತಂದು ಪೂರ್ತಿ ಕಟ್ಟಿಸಿದರೆ ಎಲ್ಲರೂ ‘ಹೊಸ ತೇರು’ ಎಂದೇ ಕರೆಯುತ್ತಾರೆ. ಕಾರಿನಲ್ಲೂ ಹಾಗೆ. ಒಂದು ಚಾಸಿಯ ತುಂಡು, ಒಂದು ನಂಬರ್ ಪ್ಲೇಟು ಸಿಕ್ಕಿತೆಂದು ಸುತ್ತ ಇಡೀ ಕಾರು ಕಟ್ಟಿ ಅದಕ್ಕೆ ರೇಸಿನ ಚರಿತ್ರೆ ಅಂಟಿಸುವವರಿದ್ದಾರೆ. ಅದನ್ನು ನಾನು ಒಪ್ಪುವುದಿಲ್ಲ. ಅಲ್ಲಿ ಸರಪಳಿ ಕಡಿದಿದೆ.

ಇದರ ತಲೆಕೆಳಗಾದ ಉದಾಹರಣೆಯೂ ಬಾರ್ನಾಟೊನದೇ. 1930ರ ಮಾರ್ಚ್‌ನಲ್ಲಿ ಅವನು ದಕ್ಷಿಣ ಫ್ರಾನ್ಸಿನ ಕಾನ್‌ನಿಂದ ಸ್ಪೀಡ್ ಸಿಕ್ಸ್ ಹತ್ತಿ, ಬ್ಲೂ ಟ್ರೈನ್ ಎಂಬ ರೈಲು ಉತ್ತರ ಫ್ರಾನ್ಸಿನ ಕ್ಯಾಲೆ ಬಂದರು ಮುಟ್ಟುವುದಕ್ಕೆ ನಾಲ್ಕು ನಿಮಿಷ ಮೊದಲೇ ಲಂಡನ್ ಸೇರಿದ. ಗರ್ನಿ ನಟಿಂಗ್ ಎಂಬ ಕಂಪನಿ ಕಟ್ಟಿದ ಬಾಡಿಯ, ಹಿಂಭಾಗ ಇಳಿಜಾರಾದ ಒಂದು ಅಂದವಾದ ಕೂಪೆಯೇ ಆ ಕಾರೆಂದು ಜನ ಎಷ್ಟೋ ದಶಕ ನಂಬಿದ್ದರು, ಚಿತ್ರ ಬರೆಸಿದ್ದರು. ಆಮೇಲೆ ದಾಖಲೆ ನೋಡಿದರೆ ಆ ಕೂಪೆ ಅವನ ಕೈಗೆ ಬಂದದ್ದೇ ಮೇ ತಿಂಗಳಲ್ಲಿ. ರೈಲನ್ನು ಸೋಲಿಸಿದ್ದು ಮಲಿನರ್ ಎಂಬ ಇನ್ನೊಂದು ಕಂಪನಿ ಕಟ್ಟಿದ ಬಾಡಿಯ ಒಂದು ಸಾಧಾರಣ ಸಲೂನ್. ಕೂಪೆಯ ಲೋಹವೆಲ್ಲ ಅಸಲಿಯೇ, ಆದರೆ ಆ ರಾತ್ರಿ ಅದರದಲ್ಲ. ಓಲ್ಡ್ ನಂಬರ್ ಒನ್ ಇದಕ್ಕೆ ಸರಿಯಾಗಿ ವಿರುದ್ಧ.

ಇಷ್ಟು ಹೇಳಿದ ಮೇಲೆ ನನ್ನ ಮನಸ್ಸಿನಲ್ಲಿ ಉಳಿಯುವ ಒಂದು ಮಾತು ಹೇಳಲೇಬೇಕು. ಪ್ರಶ್ನೆ ಕೇಳುವವರೆಲ್ಲ ಕೇಳುವುದು ಗೆದ್ದ ಕಾರನ್ನು. 1929 ಉಳಿದಿದೆಯಾ, 1930 ಉಳಿದಿದೆಯಾ? ಕೋರ್ಟಿನ ಪಟ್ಟಿಯನ್ನು ಇನ್ನೊಮ್ಮೆ ಓದಿ. ನಿಜವಾಗಿ ಉಳಿದಿರುವುದು ಕ್ಲೈವ್ ಡನ್ಫಿಯ ಕಾರು. ಅವನ ಮುಂದಿದ್ದ ಕೆಲವು ಮೀಟರುಗಳಿವೆ, ಅವನನ್ನು ಹೊತ್ತಿದ್ದ ಚಾಸಿ ಇದೆ. ಆ ಮಧ್ಯಾಹ್ನದ ಬಗ್ಗೆ ಮಾತ್ರ ಯಾರೂ ಕೇಳುವುದಿಲ್ಲ.

ಮಗಳ ಮನೆಗೆಂದು ಇಂಗ್ಲೆಂಡಿಗೆ ಹೋಗಿದ್ದಾಗ ಸರ್ರೆಯ ವೇಬ್ರಿಜ್‌ನಲ್ಲಿರುವ ಬ್ರೂಕ್‌ಲ್ಯಾಂಡ್ಸ್ ನೋಡಿಬಂದೆ. 1907ರಲ್ಲಿ ತೆರೆದ ಟ್ರ್ಯಾಕು ಅದು. ಹೆಚ್ಚಿನ ಭಾಗ ಹಾಳಾಗಿದೆ. ಕ್ಲೈವ್ ಬಿದ್ದ ಮೆಂಬರ್ಸ್ ಬ್ಯಾಂಕಿಂಗ್ ಮಾತ್ರ ಇನ್ನೂ ನಿಂತಿದೆ. ಸುಮಾರು 29 ಅಡಿ ಎತ್ತರಕ್ಕೆ ಬಾಗಿ ಏಳುವ ಕಾಂಕ್ರೀಟಿನ ಗೋಡೆಯಂಥ ರಸ್ತೆ. ಕೆಳಗಿನಿಂದ ಹತ್ತಲು ಶುರುಮಾಡಿದೆ. ಅರ್ಧದವರೆಗೆ ನಡೆಯಬಹುದು, ಆಮೇಲೆ ಕೈ ಊರಬೇಕು. ಚಪ್ಪಡಿಗಳ ಸಂದಿನಲ್ಲಿ ಪಾಚಿ, ಅಂಗೈಗೆ ತಣ್ಣಗೆ, ಒರಟಾಗಿ ತಾಗುವ ಜಲ್ಲಿಕಲ್ಲು. ಅಂಚಿನ ಹತ್ತಿರ ಹೋಗುವ ಧೈರ್ಯವಾಗಲಿಲ್ಲ. ಆಚೆ ಬದಿಯಲ್ಲಿ ಮರದ ತುದಿಗಳು ಕಾಣುತ್ತಿದ್ದವು. ಮಗಳು ಕೆಳಗಿನಿಂದ ‘ಸಾಕು ಇಳೀರಿ ಅಪ್ಪಾ, ಜಾರುತ್ತೆ’ ಎಂದು ಕೂಗುತ್ತಿದ್ದಳು. ಕೂತುಕೊಂಡೇ, ನಿಧಾನವಾಗಿ ಇಳಿದು ಬಂದೆ.