ವಿಕಿರಣ ಚಿಕಿತ್ಸೆಯ ಮಂಚಕ್ಕೆ ಆಗ್ಮೆಂಟೆಡ್ ರಿಯಾಲಿಟಿ: ಮೂರನೆಯ ಹಂತ

ಕ್ಯಾಮೆರಾ ಕಾಣುವ ನಿಜ ದೃಶ್ಯದ ಮೇಲೆ ಗಣಕಚಿತ್ರವನ್ನು ಹೊದಿಸುವ ತಂತ್ರವೇ ಆಗ್ಮೆಂಟೆಡ್ ರಿಯಾಲಿಟಿ; ವಿಕಿರಣ ಚಿಕಿತ್ಸೆಗೆ ರೋಗಿಯನ್ನು ಸರಿಯಾದ ಭಂಗಿಯಲ್ಲಿ ಮಲಗಿಸಲು ಅದು ನೆರವಾದೀತೇ ಎಂದು ಗೊಂಬೆಯೊಂದನ್ನಿಟ್ಟು ನೋಡುತ್ತಿದ್ದೇನೆ. ಹಿಂದಿನ ಹಂತ ಮುಗಿದಾಗ ಟ್ಯಾಬ್ಲೆಟ್ ಪರದೆಯಲ್ಲಿ, ಸಿ.ಟಿ. ಸ್ಕ್ಯಾನ್‌ನಿಂದ ಕಟ್ಟಿದ ಹಸಿರು ಮೈಯೊಂದು ಗೊಂಬೆಯ ಮೇಲೆ ಹೊದಿಸಿದಂತೆ ಕೂತಿತ್ತು. ಈ ಬಾರಿ ಮಂಚವನ್ನು ಬೇಕೆಂದೇ ಪಕ್ಕಕ್ಕೆ ಸರಿಸಿ ನೋಡಿದೆ. ಹಸಿರು ಮೈಯೂ ಅದರೊಡನೆಯೇ ಸರಿಯಿತು. ಚಿತ್ರವನ್ನು ಎಲ್ಲಿ ನಿಲ್ಲಿಸಬೇಕೆಂದು ಕ್ಯಾಮೆರಾಗೆ ತಿಳಿಸುವ ಗುರುತಿನ ಹಾಳೆಯನ್ನು, ಅಂದರೆ ಮಾರ್ಕರ್ ಹಾಳೆಯನ್ನು, ನಾನು ಮಂಚಕ್ಕೇ ಅಂಟಿಸಿದ್ದೆ!

ಈ ತಪ್ಪು ಚಿಕ್ಕದಲ್ಲ. ಚಿಕಿತ್ಸೆಯ ಯೋಜನೆಗಾಗಿ ಸಿ.ಟಿ. ಸ್ಕ್ಯಾನ್ ಮಾಡಿದಾಗ ರೋಗಿ ಮಲಗಿದ್ದ ಭಂಗಿಯೇ ಚಿಕಿತ್ಸೆಯ ಪ್ರತಿ ದಿನವೂ ಮರಳಿ ಬರಬೇಕು. ಅದಕ್ಕಾಗಿ ಚರ್ಮದ ಮೇಲಿನ ಗುರುತುಗಳನ್ನು ಕೋಣೆಯ ಲೇಸರ್ ಗೆರೆಗಳಿಗೆ ಹೊಂದಿಸುವುದು ರೂಢಿ; ಆ ಗೆರೆಗಳು ಸಂಧಿಸುವ ಬಿಂದುವೇ ಯಂತ್ರದ ಗ್ಯಾಂಟ್ರಿ (ವಿಕಿರಣ ಬೀರುವ ತೋಳು) ಸುತ್ತುವ ಕೇಂದ್ರ, ಅಂದರೆ ಐಸೋಸೆಂಟರ್. ಗುರುತುಗಳೆಲ್ಲ ಸರಿಯಿದ್ದರೂ ಗದ್ದ ಮೇಲೆತ್ತಿರಬಹುದು, ಭುಜ ಹೊರಳಿರಬಹುದು. ಇಡೀ ಮೈಯನ್ನು ತೋರಿಸುವ ಚಿತ್ರದ ಉಪಯೋಗ ಇಲ್ಲಿಯೇ ಇದೆ. ಆದರೆ ಆ ಚಿತ್ರ ನಿಲ್ಲಬೇಕಾದದ್ದು ಕೋಣೆಯಲ್ಲಿ, ಮಂಚದ ಮೇಲಲ್ಲ.

ನನ್ನ ಕೋಣೆಯಲ್ಲಿ ಚಿಕಿತ್ಸಾ ಯಂತ್ರವಿಲ್ಲವಾದ್ದರಿಂದ, ಕಟ್ಟಡ ಕೆಲಸದವರು ಬಳಸುವ ಎರಡು ಲೇಸರ್ ಲೆವೆಲ್‌ಗಳ ಗೆರೆಗಳು ಕೂಡುವ ಜಾಗವನ್ನೇ ಐಸೋಸೆಂಟರ್ ಎಂದು ಇಟ್ಟುಕೊಂಡೆ. ಆರು ಮುಖಗಳಿಗೂ ಮಾರ್ಕರ್ ಅಂಟಿಸಿದ ಘನವೊಂದನ್ನು ಅಲ್ಲಿಟ್ಟು, ಟ್ಯಾಬ್ಲೆಟ್ ತನ್ನ ಸ್ಥಾನವನ್ನು ಅದರಿಂದ ಕಲಿತ ಮೇಲೆ ಘನವನ್ನು ತೆಗೆದುಬಿಡುತ್ತೇನೆ. ಇದರಿಂದ ಇನ್ನೊಂದು ತೊಂದರೆಯೂ ತಗ್ಗಿತು. ಮಾರ್ಕರ್‌ನ ಕೋನವನ್ನು ಕ್ಯಾಮೆರಾ 1 ಡಿಗ್ರಿ ತಪ್ಪಾಗಿ ಅಳೆದರೆ, 1 ಮೀಟರ್ ದೂರದಲ್ಲಿ ಆ ತಪ್ಪು 17 ಮಿಲಿಮೀಟರ್‌ಗೂ ಹೆಚ್ಚಾಗುತ್ತದೆ. ಮಂಚದ ಕಾಲ್ತುದಿಯಲ್ಲಿದ್ದ ಹಳೆಯ ಹಾಳೆಯಿಂದ ತಲೆಯ ಸ್ಥಾನವನ್ನು ನಂಬಿದ್ದು ಅವಿವೇಕವೇ ಸರಿ.

ಟ್ಯಾಬ್ಲೆಟ್ ಹಿಡಿದು ಓಡಾಡಿದರೆ ಚಿತ್ರ ಮೆಲ್ಲಗೆ ಜಾರುತ್ತದೆ. ಆದ್ದರಿಂದ ಅದನ್ನು ಮಂಚದ ನೇರ ಮೇಲೆ ಸ್ಟ್ಯಾಂಡಿಗೆ ಬಿಗಿದೆ. ಆಗ ಆಳದ ಪ್ರಶ್ನೆ ಎದ್ದಿತು. 1.5 ಮೀಟರ್ ಎತ್ತರದಿಂದ ನೋಡುವಾಗ ಗೊಂಬೆ 5 ಮಿಲಿಮೀಟರ್ ಮೇಲೇರಿದರೆ, 400 ಮಿಲಿಮೀಟರ್ ಅಗಲದ ಎದೆ ಪರದೆಯಲ್ಲಿ ಒಟ್ಟು 1.3 ಮಿಲಿಮೀಟರಿನಷ್ಟು ಮಾತ್ರ ಹಿಗ್ಗಿದಂತೆ ಕಾಣುತ್ತದೆ. ಅದನ್ನು ಕಣ್ಣಿನಿಂದ ಹಿಡಿಯುವುದು ಅಸಾಧ್ಯ. ಹೀಗಾಗಿ ಪಕ್ಕದಿಂದ ನೋಡುವ ಎರಡನೆಯ ಕ್ಯಾಮೆರಾ ಅನಿವಾರ್ಯವಾಯಿತು.

ಸ್ನೇಹಿತರೊಬ್ಬರು ನನಗೆ ತಿಳಿಸದೆ ಗೊಂಬೆಯನ್ನು ಸರಿಸಿ ಪರೀಕ್ಷಿಸಿದಾಗ, ಭುಜದ ಹೊರಳು ಮತ್ತು ಗದ್ದದ ವಾಲು ತಕ್ಷಣ ಕಂಡವು. ಎತ್ತರದ ವ್ಯತ್ಯಾಸ ಪಕ್ಕದ ಕ್ಯಾಮೆರಾದಲ್ಲಿ ಮಾತ್ರ ಕಂಡಿತು. ಮೂಗಿನ ತುದಿ ಹೊಂದದಿದ್ದುದಕ್ಕೆ ಕಾರಣ ನನ್ನದೇ: ಸ್ಕ್ಯಾನ್‌ನ 3 ಮಿಲಿಮೀಟರ್ ಪದರಗಳಿಂದ ಕಟ್ಟಿದ ಹಸಿರು ಮೈಯ ಮೇಲ್ಮೈ ಮೆಟ್ಟಿಲಿನಂತಿದೆ ಎಂದು ನಯಗೊಳಿಸಿದ್ದೆ, ಅದರಿಂದ ಮೂಗೇ ಕುಗ್ಗಿತ್ತು. ಕುಗ್ಗಿಸದೆ ನಯಗೊಳಿಸುವ, 1995ರಲ್ಲಿ ಗಣಕ ವಿಜ್ಞಾನಿ ಗೇಬ್ರಿಯಲ್ ಟೌಬಿನ್ ಸೂಚಿಸಿದ ವಿಧಾನವನ್ನು ಈಗ ಅಳವಡಿಸುತ್ತಿದ್ದೇನೆ.

ಈ ಸಾಧನ ಭಂಗಿ ಸರಿಪಡಿಸಲು ಒದಗಬಹುದೆಂದು ನನಗನ್ನಿಸುತ್ತದೆ. ಆದರೆ ಅದು ತೋರಿಸುವುದು ಚರ್ಮವನ್ನಷ್ಟೆ. ಒಳಗೆ ಮೂತ್ರಕೋಶ ತುಂಬಿ ಪ್ರಾಸ್ಟೇಟ್ ಜರುಗಿದರೆ ಅದಕ್ಕೆ ಗೊತ್ತಾಗುವುದಿಲ್ಲ. ಆ ಕೊನೆಯ ತಪಾಸಣೆ, ರೋಗಿ ಚಿಕಿತ್ಸೆಯ ಮಂಚದ ಮೇಲಿರುವಾಗಲೇ ದೇಹದ ಒಳಗನ್ನು ತೋರಿಸುವ ಕೋನ್ ಬೀಮ್ ಸಿ.ಟಿ.ಯಂತಹ ಚಿತ್ರಣದ್ದೇ. ಮುಂದಿನ ವಾರದ ಕೆಲಸ ಎರಡೂ ಕ್ಯಾಮೆರಾಗಳ ಚಿತ್ರಗಳನ್ನು ಒಂದೇ ಪರದೆಗೆ ತರುವುದು; ಸದ್ಯಕ್ಕೆ ಕತ್ತು ಅತ್ತಿತ್ತ ತಿರುಗಿಸಿ ನೋವು ಬಂದಿದೆ.